ಕಡಲಪಾಚಿಯ ಸಾರ ಮತ್ತು ನಮ್ಮ ಕೀಲುನೋವು

(ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ ನಾವಾಗಿ ಆರಿಸಿದ್ದಲ್ಲ, ನೀವೇ ಆರಿಸಿಕೊಟ್ಟದ್ದು. ಎರಡು ಮೂರು ತಿಂಗಳಿಂದ ಈ ವಾಚನಾಲಯದ ಮೇಜಿನ ಸುತ್ತ ಒಂದೇ ಪ್ರಶ್ನೆ ತಿರುತಿರುಗಿ ಬರುತ್ತಿದೆ: "ಸಮುದ್ರದ ಪಾಚಿಯಿಂದ ಕೀಲುನೋವಿಗೆ ಮದ್ದು ಮಾಡಿದ್ದಾರಂತೆ, ನಿಜವೇ?" ಕೇಳುವವರು ಸುಮ್ಮನೆ ಕೇಳುವವರಲ್ಲ. ಹೋಟೆಲಿನ ಒಲೆಯ ಮುಂದೆ ಬೆಳಗಿನ ನಾಲ್ಕರಿಂದ ನಿಂತೇ ಇರುವವರು, ಲೋಕಲ್ ಗಾಡಿಯ ಸೇತುವೆಯ ಮೆಟ್ಟಲು ಹತ್ತಿಳಿದು ಮೊಣಕಾಲು ಸವೆಸಿಕೊಂಡ ಗುಮಾಸ್ತರು, ಮೂರನೆಯ ಪಾಳಿ ಮುಗಿಸಿ ಬಂದು ಪತ್ರಿಕೆ ಬಿಡಿಸಲೂ ಬೆರಳು ಬಗ್ಗದವರು. ಸದಸ್ಯರೊಬ್ಬರು ಒಂದು ಬಾಟ್ಲಿಯನ್ನೇ ತಂದು ನಮ್ಮ ಮುಂದಿಟ್ಟರು. ಅದರ ಮೇಲೆ 'ಕಡಲಪಾಚಿಯ ಸಾರ' ಎಂದಿತ್ತು. ಯಾವ ಪಾಚಿ, ಯಾವುದರಲ್ಲಿ ಇಳಿಸಿದ ಸಾರ, ಅದರಲ್ಲಿ ಏನು ಎಷ್ಟಿದೆ ಎಂಬ ವಿವರ ಮಾತ್ರ ಎಲ್ಲಿಯೂ ಇರಲಿಲ್ಲ. ಬೆಲೆಯೇನೋ ಸ್ಪಷ್ಟವಾಗಿತ್ತು, ಅವರ ಹತ್ತು ದಿನದ ಊಟದ ಖರ್ಚು.

ನಾವು ವೈದ್ಯರಲ್ಲ, ರಸಾಯನಶಾಸ್ತ್ರ ಕಲಿತವರೂ ಅಲ್ಲ. ಮೆಟ್ರಿಕ್ ಮುಗಿಸಿ ಬಟ್ಟೆಗಿರಣಿಯ ಆಫೀಸಿನಲ್ಲಿ ಲೆಕ್ಕ ಬರೆಯುವವರು. ಆದರೆ ಕಡಲಪಾಚಿ ನಮಗೆ ತೀರ ಹೊಸಬನಲ್ಲ. ನಮ್ಮ ದಾಸ್ತಾನಿನ ವಹಿಯಲ್ಲಿ 'ಸೋಡಿಯಂ ಆಲ್ಜಿನೇಟ್' ಎಂಬ ಬಾಬು ತಪ್ಪದೆ ಬರುತ್ತದೆ. ಅಚ್ಚಿನ ಖಾತೆಯವರು ಅದನ್ನು ಬರಿದೆ 'ಗೋಂದು' ಎನ್ನುತ್ತಾರೆ. ಗಿರಣಗಾಂವದ ಚಿಮಣಿಗಳು 1982ರ ಮುಷ್ಕರದ ತರುವಾಯ ಒಂದೊಂದಾಗಿ ಆರಿಹೋದುವು. ಬಟ್ಟೆಗೆ ಬಣ್ಣ ಕಟ್ಟುವ, ಅಚ್ಚು ಹೊಡೆಯುವ ಕೆಲಸ ಭಿವಂಡಿ, ಡೊಂಬಿವಲಿಗಳ ಕಡೆ ಇನ್ನೂ ನಡೆದಿದೆ. ಹತ್ತಿಬಟ್ಟೆಗೆ ಈಗ ಹೆಚ್ಚಾಗಿ ಬಳಸುವ 'ರಿಯಾಕ್ಟಿವ್' ಬಣ್ಣಗಳನ್ನು ಗಂಜಿಯಲ್ಲಿ ಕಲಸಿ ಅಚ್ಚು ಹೊಡೆದರೆ ಬಣ್ಣವು ಬಟ್ಟೆಯ ಜೊತೆಗೆ ಗಂಜಿಯನ್ನೂ ಹಿಡಿದುಕೊಂಡುಬಿಡುತ್ತದೆ. ತೊಳೆದರೆ ಹೋಗದು, ಬಟ್ಟೆ ಕಟ್ಟಿಗೆಯಂತೆ ಸೆಟೆಯುತ್ತದೆ. ಆಲ್ಜಿನೇಟಿನ ಗೋಂದಿನೊಡನೆ ಬಣ್ಣ ಅಷ್ಟಾಗಿ ಸೇರದು. ತೊಳೆದರೆ ಗೋಂದು ಹೋಗುತ್ತದೆ, ಬಣ್ಣ ಉಳಿಯುತ್ತದೆ. ಆ ಗೋಂದು ಬರುವುದು ಕಂದು ಬಣ್ಣದ ಕಡಲಪಾಚಿಯಿಂದ. ನೀವು ಉಟ್ಟ ಹೂವಿನ ಅಚ್ಚಿನ ಲುಂಗಿ, ಮನೆಯವರು ಉಟ್ಟ ವಾಯಲ್ ಸೀರೆ, ಇವುಗಳ ಹಿಂದೆ ಪಾಚಿಯ ಕೈವಾಡವಿರಬಹುದು. ಹಬ್ಬದ ದಿನ ಮಾಡುವ ಚೈನಾ ಗ್ರಾಸ್ ಹಲ್ವ, ಇರಾಣಿ ಅಂಗಡಿಯ ಐಸ್‌ಕ್ರೀಮು, ಬೆಳಗಿನ ಹಲ್ಲಿನ ಪೇಸ್ಟು, ಇವುಗಳಲ್ಲಿಯೂ ಒಂದಲ್ಲ ಒಂದು ಬಗೆಯ ಪಾಚಿಯ ಅಂಟು ಇರುವುದುಂಟು. ಪಾಚಿ ಎಂದರೆ ನಮ್ಮ ಊರ ಬಾವಿಯ ಗೋಡೆಯ ಜಾರುವ ಹಸಿರೆಂದು ಭಾವಿಸಬೇಡಿ. ಕಡಲಲ್ಲಿ ಅದು ಹಸಿರು, ಕಂದು, ಕೆಂಪು ಎಂಬ ಮೂರು ದೊಡ್ಡ ಕುಲಗಳಾಗಿ ಬೆಳೆದು ನಿಂತಿದೆ. ಪತ್ರಿಕೆಗಳು 'ಕಡಲಕಳೆ' ಎಂದು ಬರೆಯುವುದೂ ಇದನ್ನೇ.

ಈ ಗೋಂದಿನ ಮಾತನ್ನು ಮೊದಲು ಎತ್ತಿದ್ದಕ್ಕೆ ಕಾರಣವುಂಟು. ಪಾಚಿಯಿಂದ ಆಲ್ಜಿನೇಟ್ ತೆಗೆಯುವ ಕಾರ್ಖಾನೆಗೆ ಪಾಚಿಯಲ್ಲಿರುವ ಒಗರು ಪದಾರ್ಥ ಬೇಡ. ಅಡಿಕೆಯಲ್ಲಿ, ಚಹಾದಲ್ಲಿ ಇರುವಂಥ ಒಗರೇ ಅದು. ಅದು ಗೋಂದನ್ನು ಕಪ್ಪಾಗಿಸುತ್ತದೆ. ಆದುದರಿಂದ ಅನೇಕ ಕಡೆ ಪಾಚಿಯನ್ನು ಮೊದಲು ಫಾರ್ಮಲಿನ್ ನೀರಿನಲ್ಲಿ ನೆನೆಸಿ, ಒಗರನ್ನು ಅಲ್ಲಿಯೇ ಕಟ್ಟಿಹಾಕಿ, ಬಳಿಕ ಸೋಡಾದ ಬಿಸಿನೀರಿನಲ್ಲಿ ಗೋಂದನ್ನು ಕರಗಿಸಿ ತೆಗೆಯುತ್ತಾರೆ. ಇತ್ತ ಔಷಧ ಹುಡುಕುವ ವಿಜ್ಞಾನಿಗೆ ಬೇಕಾದ ಪದಾರ್ಥಗಳಲ್ಲಿ ಆ ಒಗರೇ ಒಂದು. 'ಫ್ಲೋರೋಟ್ಯಾನಿನ್' ಎಂದು ಅದರ ಹೆಸರು. ಪಾಚಿ ಒಂದೇ; ಒಬ್ಬನಿಗೆ ಕೊಳೆ, ಇನ್ನೊಬ್ಬನಿಗೆ ಸರಕು. ಯಾವುದು ಕೈಗೆ ಬರುತ್ತದೆಂಬುದನ್ನು ನಿಶ್ಚಯಿಸುವುದು ಪಾಚಿಯ ಹೆಸರಷ್ಟೇ ಅಲ್ಲ, ಅದನ್ನು ಯಾವುದರಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಇಳಿಸಿದರು ಎಂಬುದು. ಇಂದು ಹೇಳಬೇಕೆಂದಿರುವುದು ಮುಖ್ಯವಾಗಿ ಇದಿಷ್ಟೇ. ಉಳಿದುದೆಲ್ಲ ಇದರ ವಿವರ.

ವಿವರವು ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಬೀಟ್‌ರೂಟನ್ನು ನೀರಿನಲ್ಲಿ ಬೇಯಿಸಿದರೆ ನೀರು ಕೆಂಪಾಗುತ್ತದೆ. ಕ್ಯಾರಟನ್ನು ಬೇಯಿಸಿದರೆ ನೀರಿಗೆ ಬಣ್ಣ ಅಷ್ಟಾಗಿ ಬಿಡದು. ಅದನ್ನೇ ತುಪ್ಪದಲ್ಲಿ ಹುರಿಯಿರಿ, ತುಪ್ಪವೆಲ್ಲ ಕಿತ್ತಳೆ. ಅರಿಶಿನವೂ ಹಾಗೆಯೇ, ನೀರಿಗಿಂತ ಎಣ್ಣೆಗೆ ಒಲಿಯುವುದು ಹೆಚ್ಚು. ಕಾಫಿಯ ಪುಡಿಯ ಮೇಲೆ ಬಿಸಿನೀರು ಹೊಯ್ದು ತೊಟ್ಟಿಕ್ಕಲು ಬಿಟ್ಟರೆ ಪರಿಮಳದ ಡಿಕಾಕ್ಷನ್ ಇಳಿಯುತ್ತದೆ. ಅದೇ ಪುಡಿಯನ್ನು ಪಾತ್ರೆಯಲ್ಲಿ ಹಾಕಿ ಕಾಲು ಗಂಟೆ ಕುದಿಸಿದರೆ ಗಿರಾಕಿ ಲೋಟ ಕೆಳಗಿಟ್ಟು ಎದ್ದುಹೋಗುತ್ತಾನೆ. ಪುಡಿ ಬದಲಾಗಲಿಲ್ಲ, ನೀರೂ ಬದಲಾಗಲಿಲ್ಲ. ನಮ್ಮ ಹಿರಿಯ ವೈದ್ಯರಿಗೆ ಈ ಸೂಕ್ಷ್ಮ ಚೆನ್ನಾಗಿ ಗೊತ್ತಿತ್ತು. ಚರಕಸಂಹಿತೆಯಲ್ಲಿಯೇ ಮೂಲಿಕೆಯನ್ನು ಮದ್ದಾಗಿಸುವ ಐದು ಬಗೆಗಳನ್ನು ಹೇಳಿದ್ದಾರೆ: ಹಿಂಡಿದ ಸ್ವರಸ, ಅರೆದ ಕಲ್ಕ, ಕುದಿಸಿದ ಕಷಾಯ, ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಸಿದ ಹಿಮ, ಬಿಸಿನೀರು ಹೊಯ್ದು ಸೋಸಿದ ಫಾಂಟ. ಎಣ್ಣೆ ತುಪ್ಪಗಳಿಗೆ ಇಳಿಸುವುದು, ಹುಳಿಯಿಸಿ ಅರಿಷ್ಟ ಮಾಡುವುದು ಬೇರೆ. ಒಂದೇ ಬೇರಿಗೆ ಇಷ್ಟೊಂದು ಬಗೆ ಯಾಕೆ ಬೇಕಾಯಿತು? ಒಂದೊಂದಕ್ಕೆ ಒಂದೊಂದು ಇಳಿಯುತ್ತದೆಂದೇ.

ಈಗ ನೋವಿನ ಕಡೆ ಬರೋಣ. ಬೆರಳಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ, ನೋಯುತ್ತದೆ. ಇದಕ್ಕೆ 'ಉರಿಯೂತ' ಎನ್ನುತ್ತಾರೆ. ಹೆಸರಿನಲ್ಲಿಯೇ ಉರಿಯೂ ಇದೆ, ಊತವೂ ಇದೆ. ಇದು ರೋಗವಲ್ಲ, ದೇಹದ ಪಹರೆಯವರು ಓಡಿ ಬಂದ ಗುರುತು. ರಕ್ತದ ಬಿಳಿಯ ಕಣಗಳು ರಕ್ತನಾಳದ ಗೋಡೆಗೆ ಅಂಟಿ ನಿಂತು, ಸಂದಿನಿಂದ ನುಸುಳಿ, ಗಾಯದ ಜಾಗಕ್ಕೆ ಹೋಗುತ್ತವೆ. ಪಹರೆಯವರು ಕೆಲಸ ಮುಗಿದ ಮೇಲೂ ಹೋಗದೆ ಕೀಲಿನಲ್ಲಿಯೇ ಬಿಡಾರ ಹೂಡಿದರೆ ಅದು ಸಂಧಿವಾತ. ನೋವು ಹುಟ್ಟಿಸುವ 'ಪ್ರೋಸ್ಟಾಗ್ಲಾಂಡಿನ್' ಎಂಬ ಪದಾರ್ಥ ತಯಾರಾಗುವುದನ್ನು ಆಸ್ಪಿರಿನ್ ತಡೆಯುತ್ತದೆಂದು ಇಂಗ್ಲೆಂಡಿನ ಜಾನ್ ವೇನ್ ಎಂಬವರು 1971ರಲ್ಲಿ ತೋರಿಸಿಕೊಟ್ಟರು. 1982ರಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲು ಬಂತು. ಆಸ್ಪಿರಿನ್ ವರ್ಗದ ಮಾತ್ರೆಗಳನ್ನು ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಇದನ್ನು ಬಲ್ಲವರು ಬೇರೆ ದಾರಿ ಹುಡುಕುವುದು ಸಹಜ. ಆ ಹುಡುಕಾಟವೇ ಕಡಲಿನ ದಂಡೆಗೂ ಹೋಗಿದೆ.

ಅಲ್ಲಿ ಸಿಕ್ಕ ಪದಾರ್ಥಗಳಲ್ಲಿ ಹೆಚ್ಚು ಹೆಸರಾದದ್ದು 'ಫ್ಯುಕಾಯ್ಡನ್'. ಕಂದು ಪಾಚಿಯ ಲೋಳೆಯಲ್ಲಿ ಇರುತ್ತದೆ. ಸ್ವೀಡನ್ನಿನ ಕೈಲಿನ್ ಎಂಬ ಸಸ್ಯಶಾಸ್ತ್ರಜ್ಞರು 1913ರಲ್ಲಿ ಇದನ್ನು ಮೊದಲು ಬೇರ್ಪಡಿಸಿದರು. ಇದು ಒಂದು ಬಗೆಯ ಸಕ್ಕರೆಯ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಮಣಿಗಳ ಮೇಲೆ ಅಲ್ಲಲ್ಲಿ ಗಂಧಕದಿಂದಾದ 'ಸಲ್ಫೇಟ್' ಎಂಬ ಕೊಕ್ಕೆಗಳು. ಬಿಳಿಯ ಕಣಗಳು ರಕ್ತನಾಳದ ಗೋಡೆಯನ್ನು ಹಿಡಿದುಕೊಳ್ಳುತ್ತವೆ ಎಂದೆವಲ್ಲ, ಆ ಹಿಡಿಕೆಗೆ ಫ್ಯುಕಾಯ್ಡನ್ ಮೊದಲೇ ಹೋಗಿ ಅಂಟಿಕೊಂಡು ಅಡ್ಡಿಮಾಡುತ್ತದೆಂದು ಪ್ರಯೋಗಶಾಲೆಯಲ್ಲಿ ಕಂಡಿದ್ದಾರೆ. ಈ ಗುಣಕ್ಕೆ ಕೊಕ್ಕೆಗಳೂ ಬೇಕು, ಸರದ ಉದ್ದವೂ ಸಾಕಷ್ಟಿರಬೇಕು.

ಇದನ್ನು ತೆಗೆಯುವ ಬಗೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇವೆ. ಪಾಚಿಯನ್ನು ತೊಳೆದು, ಒಣಗಿಸಿ, ಪುಡಿಮಾಡುತ್ತಾರೆ. ಮೊದಲು ಮದ್ಯಸಾರದಲ್ಲಿ ನೆನೆಸಿ ಬಣ್ಣ, ಕೊಬ್ಬು, ಒಗರುಗಳನ್ನು ಬಸಿದು ತೆಗೆಯುತ್ತಾರೆ. ಉಳಿದ ಚರಟವನ್ನು ಬಿಸಿನೀರಿನಲ್ಲಿಯೋ ತೆಳುವಾದ ಆಮ್ಲದಲ್ಲಿಯೋ ಗಂಟೆಗಟ್ಟಲೆ ಇಡುತ್ತಾರೆ. ಆಗ ಫ್ಯುಕಾಯ್ಡನ್ ನೀರಿಗೆ ಇಳಿಯುತ್ತದೆ. ಜೊತೆಗೆ ಗೋಂದೂ ಇಳಿಯುವುದರಿಂದ, ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಗೋಂದನ್ನು ಗಟ್ಟಿಯಾಗಿಸಿ ಬೇರ್ಪಡಿಸುತ್ತಾರೆ. ಕೊನೆಗೆ ಆ ನೀರಿಗೆ ಮತ್ತೆ ಮದ್ಯಸಾರ ಬೆರೆಸಿದರೆ ಫ್ಯುಕಾಯ್ಡನ್ ಮೊಸರಿನಂತೆ ಒಡೆದು ಕೆಳಗೆ ಕೂರುತ್ತದೆ. ಮೊದಲ ಸಲ ಬಂದ ಮದ್ಯಸಾರಕ್ಕೂ ಎರಡನೆಯ ಸಲ ಬಂದ ಮದ್ಯಸಾರಕ್ಕೂ ಕೆಲಸ ಬೇರೆ ಬೇರೆಯೆಂಬುದನ್ನು ಗಮನಿಸಿ.

ಇಲ್ಲಿ ವ್ಯಾಪಾರಿಯ ಲೆಕ್ಕವೂ ವಿಜ್ಞಾನಿಯ ಲೆಕ್ಕವೂ ಜಗಳಕ್ಕೆ ನಿಲ್ಲುತ್ತವೆ. ಬಿಸಿ ಹೆಚ್ಚಿಸಿ, ಆಮ್ಲ ಹೆಚ್ಚಿಸಿ, ಹೊತ್ತು ಹೆಚ್ಚಿಸಿದರೆ ಒಂದು ಮಟ್ಟದವರೆಗೆ ಕೈಗೆ ಬರುವ ತೂಕ ಹೆಚ್ಚುತ್ತದೆ. ಆದರೆ ಅದೇ ಬಿಸಿಯೂ ಆಮ್ಲವೂ ಸರವನ್ನು ತುಂಡರಿಸುತ್ತವೆ, ಕೊಕ್ಕೆಗಳನ್ನು ಕಳಚುತ್ತವೆ. ತಕ್ಕಡಿಯಲ್ಲಿ ಮಾಲು ಜಾಸ್ತಿ, ಮಾಲಿನಲ್ಲಿ ಗುಣ ಕಡಿಮೆ. ಹಾಗೆಂದು ತುಂಡಾದುದೆಲ್ಲ ಕೆಟ್ಟದ್ದೆಂದು ಹೇಳುವಂತಿಲ್ಲ. ಕೆಲವು ಪರೀಕ್ಷೆಗಳಲ್ಲಿ ಚಿಕ್ಕ ಸರಗಳೇ ಮೇಲಾಗಿ ಕಂಡಿವೆ, ಯಾಕೆಂದರೆ ತೀರ ಉದ್ದನೆಯದು ಕರುಳಿನಿಂದ ರಕ್ತಕ್ಕೆ ಸೇರುವುದು ಕಷ್ಟ. ಆದುದರಿಂದಲೇ 'ಫ್ಯುಕಾಯ್ಡನ್ ಒಳ್ಳೆಯದು' ಎಂಬ ಒಂದು ಪ್ರಬಂಧ, 'ಏನೂ ಪ್ರಯೋಜನ ಕಾಣಲಿಲ್ಲ' ಎಂಬ ಇನ್ನೊಂದು ಪ್ರಬಂಧ ಎರಡೂ ಪ್ರಾಮಾಣಿಕವಾಗಿರಬಹುದು. ಹೆಸರು ಒಂದಾದರೂ ಇಬ್ಬರ ಕೈಯಲ್ಲಿದ್ದ ಪುಡಿ ಒಂದೇ ಆಗಿರಬೇಕೆಂದಿಲ್ಲ.

ಮೊದಲ ಮದ್ಯಸಾರದಲ್ಲಿ ಬಸಿದುಹೋದ ಬಣ್ಣವನ್ನು ಮರೆಯಬೇಡಿ. ಅದರಲ್ಲಿ 'ಫ್ಯುಕೋಕ್ಸಾಂತಿನ್' ಎಂಬುದಿದೆ. ಪಾಚಿಗೆ ಕಂದು ಬಣ್ಣ ಬರುವುದು ಅದರಿಂದ. ನಮ್ಮ ಕ್ಯಾರಟಿನ ಬಣ್ಣದ ದಾಯಾದಿಯೇ. ಇದಕ್ಕೂ ಉರಿಯೂತ ತಗ್ಗಿಸುವ ಗುಣವುಂಟೆಂದು ಜೀವಕಣಗಳ ಮೇಲಿನ, ಇಲಿಗಳ ಮೇಲಿನ ಪ್ರಯೋಗಗಳು ಹೇಳುತ್ತವೆ. ಆದರೆ ಇದು ಸುಕುಮಾರ. ಬೆಳಕು, ಬಿಸಿ, ಗಾಳಿ ಮೂರೂ ಇದಕ್ಕೆ ಶತ್ರು. ಪಾಚಿಯನ್ನು ಮರಳಿನ ಮೇಲೆ ಹರಡಿ ಸುಡುಬಿಸಿಲಿನಲ್ಲಿ ದಿನಗಟ್ಟಲೆ ಒಣಗಿಸಿದರೆ, ಸಾರ ತೆಗೆಯುವ ಮುಂಚೆಯೇ ಇದರ ಬಹುಭಾಗ ಹಾಳು. ಬಿಸಿನೀರಿನ ಕಷಾಯಕ್ಕಂತೂ ಇದು ಬಿಡುವುದೇ ಇಲ್ಲವೆನ್ನಬಹುದು. ಹೀಗಾಗಿ 'ನೀರಿನಲ್ಲಿ ತೆಗೆದ ಶುದ್ಧ ಸಾರ' ಎಂದೂ 'ಫ್ಯುಕೋಕ್ಸಾಂತಿನ್ ಸಮೃದ್ಧ' ಎಂದೂ ಒಂದೇ ಚೀಟಿಯಲ್ಲಿ ಬರೆದಿದ್ದರೆ ಅಂಗಡಿಯವನನ್ನು ಎರಡು ಮಾತು ಕೇಳಬೇಕಾದದ್ದೇ.

ಈಗ ಒಂದು ವಿಚಿತ್ರವನ್ನು ಹೇಳುತ್ತೇವೆ. ನಮಗೆ ಇದನ್ನು ಓದಿದಾಗ ನಂಬುವುದು ಕಷ್ಟವಾಯಿತು. ಕೆಂಪು ಪಾಚಿಯಿಂದ 'ಕ್ಯಾರಜೀನನ್' ಎಂಬ ಅಂಟು ತೆಗೆಯುತ್ತಾರೆ. ಐಸ್‌ಕ್ರೀಮು, ಚಾಕಲೇಟು ಹಾಲುಗಳಿಗೆ ಮಂದತೆ ಕೊಡಲು ಬಳಸುವುದು ಇದನ್ನೇ. ಇದೂ ಗಂಧಕದ ಕೊಕ್ಕೆಗಳ ಸಕ್ಕರೆ ಸರವೇ. ಆದರೆ ಉರಿಯೂತದ ಹೊಸ ಮದ್ದು ಪರೀಕ್ಷಿಸಬೇಕಾದಾಗ ಪ್ರಯೋಗಶಾಲೆಯವರು ಮಾಡುವುದೇನು? ಇಲಿಯ ಪಾದಕ್ಕೆ ಈ ಕ್ಯಾರಜೀನನ್ನಿನ ದ್ರಾವಣವನ್ನೇ ಚುಚ್ಚಿ ಊತ ಬರಿಸುತ್ತಾರೆ! ಮದ್ದು ಕೊಟ್ಟ ಇಲಿಯ ಪಾದ ಎಷ್ಟು ಕಡಿಮೆ ಊದಿತೆಂದು ಅಳೆಯುತ್ತಾರೆ. 1962ರಲ್ಲಿ ವಿಂಟರ್ ಮತ್ತು ಸಂಗಡಿಗರು ಪ್ರಕಟಿಸಿದ ಈ ಪರೀಕ್ಷೆ ಈಗಲೂ ಲೋಕದಾದ್ಯಂತ ನಡೆಯುತ್ತಿದೆ. ಕಡಲಪಾಚಿಯ ಮದ್ದನ್ನು ಕಡಲಪಾಚಿಯೇ ಬರಿಸಿದ ಊತದ ಮೇಲೆ ಪರೀಕ್ಷಿಸಿದ್ದೂ ಉಂಟು. ಚುಚ್ಚುವುದು ಬೇರೆ, ತಿನ್ನುವುದು ಬೇರೆ, ನಿಜ. ಐಸ್‌ಕ್ರೀಮು ತಿಂದವರ ಪಾದ ಊದುವುದಿಲ್ಲ. ಆದರೆ ಇನ್ನೊಂದು ಸಂಗತಿ ಕೇಳಿ. ಅದೇ ಕ್ಯಾರಜೀನನ್ನನ್ನು ಬಲವಾದ ಆಮ್ಲದಲ್ಲಿ ಹೆಚ್ಚು ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ಸರಗಳು ಚೂರುಚೂರಾಗಿ 'ಪಾಲಿಜೀನನ್' ಎಂಬ ಬೇರೆ ವಸ್ತುವಾಗುತ್ತದೆ. ಅದನ್ನು ತಿನ್ನಿಸಿದ ಪ್ರಾಣಿಗಳ ಕರುಳಿನಲ್ಲಿ ಹುಣ್ಣುಗಳಾದುವು. ಕ್ಯಾನ್ಸರ್ ಕುರಿತ ಅಂತರರಾಷ್ಟ್ರೀಯ ಸಂಸ್ಥೆಯು 1983ರಲ್ಲಿ ಅದನ್ನು, ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಸಾಲಿಗೆ ಸೇರಿಸಿತು. ಚೂರಾಗದ ಕ್ಯಾರಜೀನನ್ನನ್ನು ಸೇರಿಸಲಿಲ್ಲ. ಅದೇ ಗಿಡ, ಅದೇ ಅಂಟು, ಬೇಯಿಸಿದ ಬಗೆ ಮಾತ್ರ ಬೇರೆ. ಮನೆಯಲ್ಲಿಯೇ ಆಮ್ಲ ಹಾಕಿ ಸಾರ ತೆಗೆಯುವ ಉಪಾಯ ಹೇಳಿಕೊಡುವವರ ಮಾತಿಗೆ ಕಿವಿಗೊಡುವ ಮುಂಚೆ ಇದನ್ನು ನೆನೆಯಿರಿ.

ಹೊಸ ಯಂತ್ರಗಳ ಮಾತು ಬೇಗ ಮುಗಿಸುತ್ತೇವೆ. ಮೈಕ್ರೋವೇವ್ ಒಲೆಯು ಪಾಚಿಯೊಳಗಿನ ನೀರನ್ನೇ ಕಾಯಿಸುವುದರಿಂದ ಗಂಟೆಗಳ ಕೆಲಸ ನಿಮಿಷಗಳಲ್ಲಿ ಆಗುತ್ತದೆ. ಕಿವಿಗೆ ಕೇಳದಷ್ಟು ಏರಿದ ಸ್ವರದ ಶಬ್ದವನ್ನು ನೀರಿಗೆ ಬಿಟ್ಟರೆ ಕಣ್ಣಿಗೆ ಕಾಣದ ಗುಳ್ಳೆಗಳು ಎದ್ದು ಒಡೆದು ಪಾಚಿಯ ಗೋಡೆಗಳನ್ನು ಬಿರಿಯುತ್ತವೆ. ಹೆಚ್ಚು ಹೊತ್ತು ಬಿಟ್ಟರೆ ಸರಗಳನ್ನೂ ಕಡಿಯುತ್ತವೆ. ಎಂಜೈಮಿನ ದಾರಿ ಗಿರಣಿಯವರಿಗೆ ಪರಿಚಿತವೇ: ನೂಲಿಗೆ ಹಾಕಿದ ಗಂಜಿಯನ್ನು ನೇಯ್ದ ಬಳಿಕ ಬಿಡಿಸಲು ಎಂಜೈಮ್ ಹಾಕುತ್ತೇವಲ್ಲ, ಅದು ಗಂಜಿಯನ್ನು ಮಾತ್ರ ತಿನ್ನುತ್ತದೆ, ನೂಲನ್ನು ಮುಟ್ಟದು. ಹಾಗೆಯೇ ಪಾಚಿಯ ಗೋಡೆಯನ್ನು ಮಾತ್ರ ಕರಗಿಸಿ ಒಳಗಿನದನ್ನು ಸುಕ್ಷೇಮವಾಗಿ ಬಿಡಿಸುವ ಎಂಜೈಮುಗಳುಂಟು. ಬೆಲೆ ಹೆಚ್ಚು, ಪೆಟ್ಟು ಕಡಿಮೆ. ಇನ್ನೊಂದು, ನಾವು ಉಸಿರಾಡಿ ಬಿಡುವ ಇಂಗಾಲಾಮ್ಲ ವಾಯುವನ್ನೇ ಗಾಳಿಯ ಒತ್ತಡದ 73 ಪಟ್ಟಿಗಿಂತ ಹೆಚ್ಚು ಒತ್ತಿ, 31 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಇಟ್ಟರೆ ಅದು ವಾಯುವೂ ಅಲ್ಲದ ದ್ರವವೂ ಅಲ್ಲದ ಸ್ಥಿತಿಗೆ ಬಂದು ಒಳ್ಳೆಯ ದ್ರಾವಕವಾಗುತ್ತದೆ. ಕಾಫಿಬೀಜದಿಂದ ಕೆಫೀನ್ ತೆಗೆಯುವುದಕ್ಕೂ ಇದನ್ನು ಬಳಸುತ್ತಾರೆ. ಫ್ಯುಕೋಕ್ಸಾಂತಿನ್ನಿಗೂ ಕೊಬ್ಬುಗಳಿಗೂ ಇದು ಹಿತ. ಒತ್ತಡ ಬಿಟ್ಟೊಡನೆ ವಾಯು ಹಾರಿಹೋಗುವುದರಿಂದ ಸಾರದಲ್ಲಿ ದ್ರಾವಕದ ಅಂಶವೂ ಉಳಿಯದು. ಆದರೆ ಫ್ಯುಕಾಯ್ಡನ್ನನ್ನು ಇದು ಮುಟ್ಟುವುದೂ ಇಲ್ಲ. ಎಲ್ಲವನ್ನೂ ತೆಗೆಯುವ ಒಂದು ಯಂತ್ರ ಇಲ್ಲವೆಂದಾಯಿತು. ಮಾಟುಂಗದಲ್ಲಿ ನಮ್ಮವರ ಹೋಟೆಲುಗಳಿಂದ ಬಹು ದೂರವಿಲ್ಲದ ರಾಸಾಯನಿಕ ತಂತ್ರವಿಜ್ಞಾನದ ಸಂಸ್ಥೆಯಲ್ಲಿ ಇಂಥ ವಿಧಾನಗಳ ಅಭ್ಯಾಸ ನಡೆಯುತ್ತದೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಒಂದು ವಿಭಾಗವಾಗಿ ಅದು ಹುಟ್ಟಿದಾಗ ಬಟ್ಟೆಯ ರಸಾಯನವೇ ಅಲ್ಲಿನ ಮುಖ್ಯ ಪಾಠಗಳಲ್ಲಿ ಒಂದಾಗಿತ್ತೆಂಬುದು ಗಿರಣಿಯವರಾದ ನಮಗೆ ಕೊಂಚ ಹೆಮ್ಮೆಯ ಸಂಗತಿ.

ನಮ್ಮ ದೇಶದಲ್ಲಿ ಈ ಕೆಲಸ ಎಲ್ಲಿಯವರೆಗೆ ಬಂದಿದೆ? ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 1947ರಲ್ಲಿ ಸ್ಥಾಪನೆಯಾಯಿತು. ಮೊದಲು ರಾಮೇಶ್ವರದ ಹತ್ತಿರದ ಮಂಡಪಂನಲ್ಲಿತ್ತು, ಈಗ ಕೊಚ್ಚಿಯಲ್ಲಿದೆ; ಮಂಗಳೂರು, ಕಾರವಾರ, ಮುಂಬಯಿಗಳಲ್ಲಿಯೂ ಅದರ ಕೇಂದ್ರಗಳುಂಟು. ಅಲ್ಲಿನ ವಿಜ್ಞಾನಿ ಕಾಜಲ್ ಚಕ್ರವರ್ತಿ ಮತ್ತು ಸಂಗಡಿಗರು ಕಡಲಪಾಚಿಗಳ ಸಾರಗಳನ್ನು ವರ್ಷಗಳಿಂದ ಶೋಧಿಸುತ್ತಿದ್ದಾರೆ. ಅವರ ಸಂಸ್ಥೆಯಿಂದ ಕೀಲುನೋವಿಗೆಂದು 'ಕಡಲ್ಮಿನ್' ಎಂಬ ಹೆಸರಿನ ಹಸಿರು ಪಾಚಿಸಾರದ ಗುಳಿಗೆ ಹೊರಬಂದು, ತಯಾರಿಸುವ ಹಕ್ಕನ್ನು ಖಾಸಗಿಯವರಿಗೆ ಕೊಡಲಾಯಿತು. ಕಡಲೂ ಮೀನೂ ನಮ್ಮ ಮಾತುಗಳೇ ಆದುದರಿಂದ ಹೆಸರಿನ ಅರ್ಥ ಹೇಳಬೇಕಾಗಿಲ್ಲ. 2013ರಲ್ಲಿ ಅವರು ಪ್ರಕಟಿಸಿದ ಒಂದು ಪ್ರಬಂಧ ನಮ್ಮ ವಿಷಯಕ್ಕೆ ಹೇಳಿಮಾಡಿಸಿದಂತಿದೆ. ಮನ್ನಾರ್ ಕೊಲ್ಲಿಯ 'ಟರ್ಬಿನೇರಿಯಾ' ಎಂಬ ಕಂದು ಪಾಚಿಯನ್ನು ಮೊದಲು ಮೆಥನಾಲಿನಲ್ಲಿ ಇಳಿಸಿ, ಆ ಸಾರವನ್ನು ಹೆಕ್ಸೇನ್, ಡೈಕ್ಲೋರೋಮೀಥೇನ್, ಈಥೈಲ್ ಅಸಿಟೇಟ್ ಎಂಬ ಬೇರೆ ಬೇರೆ ದ್ರಾವಕಗಳಲ್ಲಿ ಪಾಲುಮಾಡಿ ನೋಡಿದರು. ಒಗರು ಪದಾರ್ಥಗಳೂ ಅವುಗಳ ಶಕ್ತಿಯೂ ಹೆಚ್ಚಾಗಿ ಈಥೈಲ್ ಅಸಿಟೇಟಿನ ಪಾಲಿಗೆ ಬಂದುವು. ಅದು ದೇಹದಲ್ಲಿ ಕಿಲುಬು ಹಿಡಿಯದಂತೆ ತಡೆಯುವ ಶಕ್ತಿಯ ಪರೀಕ್ಷೆ, ಕೀಲುನೋವಿನದಲ್ಲ. ಎರಡನ್ನೂ ಒಂದೆಂದು ಮಾರುವವರಿದ್ದಾರೆ, ಜೋಕೆ. ಆದರೆ ಒಂದೇ ಪಾಚಿಯ ಸಾರವನ್ನು ಪಾಲು ಮಾಡಿದಾಗ ಗುಣವು ಸಮಪಾಲಾಗಿ ಹಂಚಿಹೋಗದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಇಂಥ ಪಾಚಿಯನ್ನು ಮನ್ನಾರ್ ಕೊಲ್ಲಿಯಲ್ಲಿ ಮುಳುಗಿ ಕಿತ್ತು ತರುವವರು ಹೆಚ್ಚಾಗಿ ಬೆಸ್ತರ ಹೆಂಗಸರೆಂಬುದನ್ನೂ ಹೇಳದೆ ಬಿಡಲಾರೆವು.

ಇದುವರೆಗೆ ಇಲಿ, ಜೀವಕಣ, ಗಾಜಿನ ನಳಿಗೆಗಳ ಮಾತಾಯಿತು. ಮನುಷ್ಯರ ಮೊಣಕಾಲಿನ ಮಾತೇನು? ಆಸ್ಟ್ರೇಲಿಯಾದಲ್ಲಿ ಮೈಯರ್ಸ್ ಎಂಬವರೂ ಸಂಗಡಿಗರೂ ಎರಡು ಪರೀಕ್ಷೆ ಮಾಡಿದರು. 2010ರ ಪರೀಕ್ಷೆಯಲ್ಲಿ ಮೂರು ಕಂದು ಪಾಚಿಗಳ ಸಾರಕ್ಕೆ ಸತುವು ಮುಂತಾದುವನ್ನು ಬೆರೆಸಿ, ಕೀಲು ಸವೆದ 12 ಜನರಿಗೆ ಕೊಟ್ಟರು. ದಿನಕ್ಕೆ 1000 ಮಿಲಿಗ್ರಾಂ ತೆಗೆದುಕೊಂಡವರ ನೋವು ಬಿಗಿತಗಳು ಸುಮಾರು ಅರ್ಧಕ್ಕೆ ಇಳಿದುವಂತೆ. ಕೇಳಲು ಸೊಗಸು, ಆದರೆ ಹೋಲಿಸಿ ನೋಡಲು ಹುಸಿಗುಳಿಗೆ ನುಂಗಿದ ಇನ್ನೊಂದು ಗುಂಪು ಅಲ್ಲಿರಲಿಲ್ಲ. 2016ರಲ್ಲಿ ಅದನ್ನು ಕ್ರಮವಾಗಿ ಮಾಡಿದರು. 122 ಜನರನ್ನು ಸೇರಿಸಿಕೊಂಡು, ಕೆಲವರಿಗೆ ದಿನಕ್ಕೆ 300 ಮಿಲಿಗ್ರಾಂ ಫ್ಯುಕಾಯ್ಡನ್ ಸಾರ, ಉಳಿದವರಿಗೆ ಹುಸಿಗುಳಿಗೆ, 12 ವಾರ. ಯಾರಿಗೆ ಯಾವುದೆಂಬುದು ಕೊಟ್ಟವರಿಗೂ ತಿಳಿಯದು, ನುಂಗಿದವರಿಗೂ ತಿಳಿಯದು. ಕೊನೆಗೆ ಲೆಕ್ಕ ಹಾಕಿದರೆ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮೊದಲಿನದು ಮೂರು ಪಾಚಿಯ ಬೆರಕೆ, ಎರಡನೆಯದು ಒಂದೇ ಪಾಚಿಯಿಂದ ತೆಗೆದು ಚೊಕ್ಕ ಮಾಡಿದ್ದು; ಪ್ರಮಾಣವೂ ಬೇರೆ. ಹೀಗಾಗಿ ಒಂದರ ಸೋಲಿನಿಂದ ಎಲ್ಲ ಪಾಚಿಸಾರವೂ ನಿರರ್ಥಕವೆನ್ನಲಾಗದು. ಹಾಗೆಯೇ ಒಂದರ ಗೆಲುವನ್ನು ಇನ್ನೊಂದರ ಬಾಟ್ಲಿಗೆ ಅಂಟಿಸಿ ಮಾರುವುದೂ ನ್ಯಾಯವಲ್ಲ. ಅಂಗಡಿಯಲ್ಲಿ ನಡೆಯುವುದು ಈ ಎರಡನೆಯದೇ.

ಹಾಗಾದರೆ ಚೀಟಿಯಲ್ಲಿ ಏನು ಓದಬೇಕು? ಪಾಚಿಯ ಶಾಸ್ತ್ರೀಯ ಹೆಸರು, ಯಾವ ದ್ರಾವಕದಲ್ಲಿ ತೆಗೆದದ್ದು, ಒಂದು ಗುಳಿಗೆಯಲ್ಲಿ ಯಾವ ಪದಾರ್ಥ ಎಷ್ಟು ಮಿಲಿಗ್ರಾಂ, ಇಷ್ಟಾದರೂ ಇರಬೇಕು. 'ಸಾರ 500 ಮಿಲಿಗ್ರಾಂ' ಎಂದರೆ 'ಡಿಕಾಕ್ಷನ್ ಒಂದು ಲೋಟ' ಎಂದಂತೆ, ಗಟ್ಟಿಯೋ ನೀರೋ ತಿಳಿಯದು. ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ 'ಔಷಧೋಪಯೋಗಕ್ಕಲ್ಲ' ಎಂಬರ್ಥದ ಸಾಲೊಂದು ಇರುತ್ತದೆ. ಆಹಾರ ಪೂರಕವೆಂದು ಮಾರುವ ಗುಳಿಗೆಗಳ ಮೇಲೆ ಅದನ್ನು ಹಾಕಲೇಬೇಕೆಂದು ನಮ್ಮ ಸರಕಾರದ ಆಹಾರ ಸುರಕ್ಷತಾ ನಿಯಮವಿದೆ. ಇಂಗ್ಲಿಷು ಓದಲು ಬಾರದವರು ಬಾಟ್ಲಿಯನ್ನು ಇಲ್ಲಿಗೆ ತನ್ನಿ, ಸಂಜೆ ಏಳರ ಬಳಿಕ ನಾವು ಯಾರಾದರೂ ಇರುತ್ತೇವೆ, ಓದಿ ಹೇಳುತ್ತೇವೆ. ಆ ಸಾಲು ಇರುವ ಗುಳಿಗೆಯನ್ನು ನಂಬಿ ಡಾಕ್ಟರರ ಮದ್ದನ್ನು ಬಿಟ್ಟರೆ ನಷ್ಟ ಯಾರಿಗೆ? ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವ ಹೃದಯದ ರೋಗಿಗಳು ಫ್ಯುಕಾಯ್ಡನ್ನನ್ನು ಡಾಕ್ಟರರಿಗೆ ಹೇಳದೆ ಮುಟ್ಟಲೇಬಾರದು, ಅದಕ್ಕೂ ರಕ್ತವನ್ನು ತೆಳುಮಾಡುವ ಗುಣವಿದೆ. ಥೈರಾಯ್ಡ್ ತೊಂದರೆಯುಳ್ಳವರೂ ಎಚ್ಚರವಾಗಿರಬೇಕು. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಕೆಲವು ಕಂದು ಪಾಚಿಗಳ ಒಂದೇ ಗ್ರಾಂ ಪುಡಿಯಲ್ಲಿ ಅದರ ಹತ್ತು ಪಟ್ಟಿಗೂ ಮಿಕ್ಕಿ ಇರುತ್ತದೆ. ಜಪಾನಿನವರು ತಿನ್ನುವ 'ಹಿಜಿಕಿ' ಎಂಬ ಪಾಚಿಯಲ್ಲಿ ಪಾಷಾಣವಿದೆಯೆಂದು 2004ರಲ್ಲಿ ಇಂಗ್ಲೆಂಡಿನ ಆಹಾರ ಇಲಾಖೆ ಅದನ್ನು ತಿನ್ನಬೇಡಿರೆಂದಿತು. ನೆನೆಸಿದ ನೀರನ್ನು ಚೆಲ್ಲಿದರೆ ಇವುಗಳ ಒಂದು ಭಾಗ ಹೋಗುತ್ತದೆ. ನೀರು ಒಳ್ಳೆಯದನ್ನಷ್ಟೇ ಇಳಿಸಿ ಕೆಟ್ಟದ್ದನ್ನು ಬಿಟ್ಟುಬರುವ ವಿವೇಕವುಳ್ಳದ್ದಲ್ಲ.

ನೋವಿನಲ್ಲಿಯೂ ಭೇದವಿದೆ. ಬೆಳಗ್ಗೆ ಎದ್ದಾಗ ಬೆರಳುಗಳ, ಮಣಿಕಟ್ಟಿನ ಕೀಲುಗಳು ಒಂದು ಗಂಟೆಗೂ ಹೆಚ್ಚು ಹೊತ್ತು ಬಿಗಿದಿರುತ್ತವೆಯೇ, ಊದಿ ಬಿಸಿಯಾಗಿವೆಯೇ, ವಾರಗಳಾದರೂ ಇಳಿದಿಲ್ಲವೇ? ಅಂಥವರು ಯಾವ ಸಾರಕ್ಕೂ ಕಾಯಬೇಡಿ. ಆ ಬಗೆಯ ಸಂಧಿವಾತವು ಕೀಲನ್ನೇ ತಿಂದುಬಿಡುತ್ತದೆ; ಮೊದಲ ಕೆಲವು ತಿಂಗಳಲ್ಲಿ ಚಿಕಿತ್ಸೆ ಹಿಡಿದರೆ ಕೀಲು ಉಳಿಯುವ ಸಂಭವ ಹೆಚ್ಚು. ಪರೇಲಿನ ಕೆ.ಇ.ಎಂ., ಸಾಯನ್, ಮುಂಬಯಿ ಸೆಂಟ್ರಲಿನ ನಾಯರ್, ಭಾಯಖಳದ ಜೆ.ಜೆ., ಎಲ್ಲವೂ ಸಾರ್ವಜನಿಕ ಆಸ್ಪತ್ರೆಗಳೇ. ಇ.ಎಸ್.ಐ. ಕಾರ್ಡು ಇದ್ದವರಿಗೆ ಅವರದೇ ದವಾಖಾನೆಗಳುಂಟು. ಪಗಾರದಿಂದ ಹಣ ಮುರಿಯುತ್ತಲೇ ಇರುತ್ತದೆ, ಕಾರ್ಡು ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ಒಂದು ದಿನದ ಖಾಡ ಆದೀತೆಂದು ಹಿಂಜರಿಯಬೇಡಿ. ಸಾಲಿನಲ್ಲಿ ನಿಲ್ಲಲು ಜೊತೆ ಬೇಕೆಂದರೆ, ಮರಾಠಿ ಬಾರದೆಂದರೆ, ಸಂಘದ ಸ್ವಯಂಸೇವಕರು ಬರುತ್ತಾರೆ.

ಸಭೆಯಲ್ಲಿ ಕೊನೆಗೆ ಒಬ್ಬರು ಕೇಳಿದರು: "ಬಾಟ್ಲಿ ಬೇಡ, ಮಳೆ ಕಳೆದ ಮೇಲೆ ಬಾಂದ್ರಾದ ಬಂಡೆಗಳ ಮೇಲೆ ಬೇಕಾದಷ್ಟು ಹಸಿರು ಪಾಚಿ ಬೆಳೆದಿರುತ್ತದೆ, ಅದನ್ನೇ ತಂದು ಕಷಾಯ ಮಾಡಿ ಕುಡಿದರಾಗದೇ?" ಪ್ರಶ್ನೆ ನಗುವಂಥದಲ್ಲ. ಈ ದಂಡೆಯ ಪಾಚಿಗಳನ್ನು ನೋಡಲೆಂದೇ ಡೆನ್ಮಾರ್ಕಿನ ಬೋರ್ಗೆಸೆನ್ ಎಂಬ ಸಸ್ಯಶಾಸ್ತ್ರಜ್ಞರು 1920ರ ದಶಕದ ಕೊನೆಯಲ್ಲಿ ಬಂದು, ಮುಂಬಯಿ ಪ್ರಾಂತದ ಕಡಲಪಾಚಿಗಳ ಬಗ್ಗೆ ಪ್ರಬಂಧಗಳ ಸಾಲನ್ನೇ ಬರೆದರು. ಆಗಿನ ಕಡಲು ಬೇರೆ. ಈಗ ಮಾಹೀಮ್ ಖಾಡಿಯಿಂದ, ವರಳಿಯಿಂದ, ಎಲ್ಲ ಕಡೆಯಿಂದಲೂ ನಗರದ ಹೊಲಸು ಅದೇ ನೀರಿಗೆ ಬೀಳುತ್ತದೆ. ಎಲೆಕೋಸಿನ ಎಲೆಯಂತೆ ಹಸಿರಾಗಿ ಕಾಣುವ ಆ 'ಉಲ್ವ' ಪಾಚಿಗೆ ಹೊಲಸು ನೀರೆಂದರೆ ಗೊಬ್ಬರ. ಸೊಂಪಾಗಿ ಬೆಳೆದದ್ದೇ ನೀರು ಕೆಟ್ಟಿರುವುದರ ಗುರುತಾಗಿರಬಹುದು. ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂಗಳನ್ನೂ ಅದು ಹೀರಿಟ್ಟುಕೊಳ್ಳುತ್ತದೆ. ಕುದಿಸಿದರೆ ರೋಗದ ಕ್ರಿಮಿ ಸಾಯಬಹುದು, ಸೀಸ ಸಾಯದು. ಕಷಾಯದೊಂದಿಗೆ ಲೋಟಕ್ಕೇ ಇಳಿಯುತ್ತದೆ. ಊರಿಗೆ ಹೋದಾಗ ಕಾರವಾರದ, ಗೋಕರ್ಣದ, ಮಲ್ಪೆಯ ಬಂಡೆಗಳ ಮೇಲೆ ಅದೇ ಪಾಚಿಯನ್ನು ಕಂಡರೆ ನಿಂತು ನೋಡಿ, ಕಂದು, ಕೆಂಪು, ಹಸಿರು ಮೂರೂ ಒಂದೇ ಬಂಡೆಯಲ್ಲಿ ಸಿಗುವುದುಂಟು. ಮಕ್ಕಳಿಗೆ ತೋರಿಸಿ. ಬಾಂದ್ರಾದ್ದನ್ನು ಮಾತ್ರ ಬಂಡೆಯ ಮೇಲೆಯೇ ಬಿಡಿ.